ಮೇಪಲ್ ದಿಮ್ಮಿಯ ಮೊಳೆಗಳು

ಮಾನ್ಯ ಬ್ಯಾಕೆನ್ ಅವರಿಗೆ,

ನಿಮ್ಮಿಂದ ಕೊಂಡ ಹಳೆಯ ಗರಗಸದ ಯಂತ್ರದ ಬಗ್ಗೆ ದೂರಿಲ್ಲ. ಅಲಗು ದಾರಿ ತಪ್ಪಿದಾಗ ತಪ್ಪು ನನ್ನದೇ ಅಂದುಕೊಂಡು ಬಿಗಿ ಸರಿಪಡಿಸಿದೆ, ಹೊಸ ಅಲಗು ಹಾಕಿದೆ. ಬೇರೆ ದಿಮ್ಮಿಗಳನ್ನು ಅದು ನೇರವಾಗಿ ಕೊಯ್ಯುತ್ತದೆ. ಬೆಂಚು ಮಾಡಿಸಲೆಂದು ನೀವು ಕೊಟ್ಟ ಮೇಪಲ್ ದಿಮ್ಮಿಯಲ್ಲಿ ಮಾತ್ರ ಅಲಗಿನ ಹಲ್ಲು ಮುರಿಯುತ್ತದೆ.

"ನೋಡ್ಕೊಂಡು ಕುಯ್ಯಮ್ಮ, ಪ್ರತಿ ಹುಟ್ಟುಹಬ್ಬಕ್ಕೂ ನಮ್ಮ ಸಿಗ್ನೆ ತಲೆ ಮಟ್ಟಕ್ಕೆ ಈ ಮರಕ್ಕೆ ಒಂದು ಮೊಳೆ ಹೊಡೀತಿದ್ವಿ" ಅಂದಿದ್ದಿರಿ. ಮಗಳು ಆರು ತುಂಬುವ ಮೊದಲೇ ತೀರಿಕೊಂಡಳೆಂದೂ ಹೇಳಿದಿರಿ. ಬುಡದಿಂದ ಅಳೆದರೆ ನನ್ನ ಸೊಂಟದವರೆಗೆ ಬರುವ ಆ ಮೊಳೆಗಳನ್ನು ಕಿತ್ತು ಜೋಪಾನವಾಗಿ ಇಟ್ಟಿದ್ದೇನೆ.

ಆದರೆ ಮೊಳೆಗಳು ಅಲ್ಲಿಗೆ ನಿಂತಿಲ್ಲ. ಬೆಳೆಯುವ ಹುಡುಗಿಯ ಹಾಗೆ ನನ್ನ ಗಲ್ಲದವರೆಗೂ ಏರಿವೆ. ಆಮೇಲೆ ಒಂದೇ ಮಟ್ಟದಲ್ಲಿ ಪಕ್ಕಪಕ್ಕ ಸಾಲಾಗಿವೆ.

"ಆ ಬ್ಯಾಕೆನ್ ಮುದುಕ ಯಾರಿಗೂ ಹೇಳದೆ ಹೊಡ್ಕೊಂಡು ಬಂದಿದಾನೆ ಮಾರೆನ್, ನೀನೊಬ್ಳು!" ಎಂದು ನನ್ನ ಗಂಡ ಐನಾರ್ ನಕ್ಕರು. ನಾನೂ ಹಾಗೇ ನಂಬಿಕೊಂಡಿದ್ದೆ. ಇವತ್ತು ಬೆಳಿಗ್ಗೆ ದಿಮ್ಮಿ ಇಟ್ಟಿರುವ ಕೊಟ್ಟಿಗೆಯ ಬೀಗ ತೆಗೆದಾಗ ಅದೇ ಸಾಲಿನಲ್ಲಿ, ತೊಗಟೆಯ ಮೇಲೆ, ಹೊಸ ಮೊಳೆಯೊಂದು ಹೊಳೆಯುತ್ತಿತ್ತು. ನಿನ್ನೆ ಅದು ಇರಲಿಲ್ಲ.

ನೀವೇ ಬಂದು ಹೊಡೆದದ್ದಾದರೆ ಒಂದು ಸಾಲು ಬರೆಯಿರಿ, ಬೆಂಚು ಮಾಡಿಕೊಡುತ್ತೇನೆ. ಇಲ್ಲವಾದರೆ ದಯವಿಟ್ಟು ಈ ವಾರವೇ ದಿಮ್ಮಿಯನ್ನು ಒಯ್ಯಿರಿ. ಸಿಗ್ನೆಯ ಹುಟ್ಟುಹಬ್ಬ ಯಾವತ್ತೆಂದು ಮಾತ್ರ ನನಗೆ ತಿಳಿಸಬೇಡಿ.

ಗೌರವದಿಂದ,
ಮಾರೆನ್ ಟೊಲೆಫ್ಸನ್