ಚಿಟ್ಟೆಗೆ ಬಿಟ್ಟ ಬೆಂಡೆ ಹೂ

ಕುಪ್ಪೇಲೂರು, 18-9-2004

ಮುದ್ದು ಅಕ್ಕಾ,

ಇಲ್ಲಿಯ ಬೆಂಡೆ ತೋಟ ನೋಡಿದರೆ ನಿನಗೂ ಹುಚ್ಚು ಹಿಡಿಯುತ್ತದೆ! ಗಿಡದ ತುಂಬ ಕೆಂಪು ಹೂ ಎಂದು ಓಡಿದೆ, ಹತ್ತಿರ ಹೋದರೆ ಎಲ್ಲವೂ ಕಾಗದದ ಟೊಪ್ಪಿಗೆ! ಬೀಜಕ್ಕಾಗಿ ಕೈಯಿಂದಲೇ ಪರಾಗ ಮುಟ್ಟಿಸುತ್ತಾರಂತೆ, ಅದಕ್ಕೇ ಬೇರೆ ಪರಾಗ ತಾಗದಂತೆ ಮೊಗ್ಗುಗಳನ್ನು ಮುಚ್ಚಿಡುತ್ತಾರೆ. ಬೇಲಿಯ ಚೆಂಡುಹೂವಿನಲ್ಲಿ ರಾಶಿ ರಾಶಿ ಚಿಟ್ಟೆ! ಅವುಗಳಿಗೇ ಕ್ಯಾಮೆರಾದ ರೋಲ್ ಖಾಲಿಯಾಗಿ ಒಂದೇ ಫೋಟೋ ಉಳಿಯಿತು. ಅದು ಬೆಂಡೆ ಹೂವಿನ ಮೇಲೆ ಚಿಟ್ಟೆ ಕೂತದ್ದೇ ಆಗಬೇಕೆಂದು ನನ್ನ ಹಟ. ಅತ್ತೆಯೋ ಸೆರಗು ಬೀಸಿ ಚಿಟ್ಟೆ ಓಡಿಸುವವರು.

"ಪಾತರಗಿತ್ತಿ ಕುಂತ್ರ ಬೀಜ ಕೆಡ್ತೈತಿ, ಯವ್ವಾ" ಎಂದರು. ಆದರೂ ನಿನ್ನೆ ಸಂಜೆ ಕೊನೆಯ ಗಿಡದ ಮೊಗ್ಗನ್ನು ಮುಚ್ಚದೆ ಬಿಟ್ಟು, "ಇದನ್ನ ಬೀಜಕ್ಕ ಹಿಡಿಯೂದಿಲ್ಲ, ಇದು ನಿನಗ" ಎಂದರು!

ಇಂದು ಬೆಳಿಗ್ಗೆ ಅರಿಶಿನ ಬಣ್ಣದ ಹೂ ಅರಳಿತು, ಒಳಗೆಲ್ಲ ಕುಂಕುಮದ ಕೆಂಪು. ಚಿಟ್ಟೆ ಬಂದು ಕೂತೇಬಿಟ್ಟಿತು, ಅಕ್ಕಾ! ಕೆಲಸದ ಹೆಂಗಸರು ನಕ್ಕರೆ ಅತ್ತೆ, "ಶ್! ಸುಮ್ನಿರ್ರಿ, ಹಾರಿ ಹೋದೀತು" ಎಂದು ಗದರಿ, ಉಸಿರು ಬಿಗಿಹಿಡಿದು ನಿಂತರು. ನಾನು ಬಟನ್ ಒತ್ತಿದೆ.

"ಆತೇನು? ಇನ್ನ ಓಡಸ್ಲೇನು?" ಎಂದು ಮೆಲ್ಲಗೆ ಕೇಳಿದರು.

ಆರೋಗ್ಯವಾಗಿದ್ದೇನೆ, ಬಿಸಿಲಿಗೆ ಮೂಗಿನ ಸಿಪ್ಪೆ ಸುಲಿದಿದೆ ಅಷ್ಟೆ, ಅಮ್ಮನಿಗೆ ಹೇಳಬೇಡ. ರೋಲ್ ತೊಳೆಸಲು ಇವರು ರಾಣೆಬೆನ್ನೂರಿಗೆ ಹೊರಟು ಹಾರ್ನ್ ಹೊಡೆಯುತ್ತಿದ್ದಾರೆ, ಈ ಕಾರ್ಡನ್ನೂ ಅಂಚೆಗೆ ಹಾಕಲು ಕೊಡುತ್ತೇನೆ.

ನಿನ್ನ ಸಿಂಧು