ಆನೆ ಪುಸ್ತಕದ ನಡುವೆ ಹದಿನಾರು ಪುಟ

೪ ಮಾರ್ಚ್, ಸೋಮವಾರ, ಬೆಳಿಗ್ಗೆ ೯.೩೦

ಶಟರ್ ಎತ್ತಿದೆ. ಗಾಜು ಒರೆಸಿದೆ. ಮೊನ್ನೆ ತೆಗೆದ ಫ್ರೇಮುಗಳನ್ನೆಲ್ಲ ಮತ್ತೆ ಅವುಗಳ ಜಾಗಕ್ಕೆ ಸೇರಿಸಿದೆ — ಇಪ್ಪತ್ಮೂರು. ಒಬ್ಬರೇ ಹೆಂಗಸು ಅಷ್ಟನ್ನೂ ಹಾಕಿ ನೋಡಿ, ಕೊನೆಗೆ ತಮ್ಮ ಹಳೆಯದಕ್ಕೇ ಸ್ಕ್ರೂ ಬಿಗಿಸಿಕೊಂಡು ಹೋದರು. ಕನ್ನಡಕದ ಅಂಗಡಿ ಇಟ್ಟವನಿಗೆ ತಾಳ್ಮೆ ಕಲಿಯಲು ಬೇರೆ ಗುರು ಬೇಡ.

ಆನೆ ಪುಸ್ತಕ ಬೈಂಡಿಂಗ್ ಆಗಿ ಬಂತು. ಹಸಿರು ಬಟ್ಟೆ, ಗಟ್ಟಿ ಬೆನ್ನು. ಈಗ ಹತ್ತೊಂಬತ್ತು ಪುಸ್ತಕವೂ ಹಾಜರು. ಅಕ್ಷರದ ಚಾರ್ಟಿನ ಕೆಳಗಿನ ಕಪಾಟು. ಕಣ್ಣು ತೋರಿಸಲು ಬಂದವರು ಚಾರ್ಟು ಮುಗಿಸಿ ಪುಸ್ತಕಗಳ ಬೆನ್ನನ್ನೂ ಓದುತ್ತಾರೆ. "ಎಲ್ಲಾ ಚೆಸ್ಸೇನಾ?" ಎಲ್ಲ ಚೆಸ್ಸೇ. ಎಲ್ಲವೂ ಆಟ ಕಲಿಸುವಂಥವು. ಕಥೆ ಒಂದೂ ಇಲ್ಲ. ಇಲ್ಲದ ಜನ ಇಲ್ಲದ ಬೋರ್ಡಿನ ಮೇಲೆ ಆಡಿದ ಆಟ ಓದಿ ನನಗೇನಾಗಬೇಕು?

ನನಗೆ ಇಷ್ಟವಾದವುಗಳ ಪಟ್ಟಿ, ಇವತ್ತಿನ ಲೆಕ್ಕದಲ್ಲಿ ಮೊದಲ ಮೂರು:

ಆನೆ ಪುಸ್ತಕ. ಆಟದ ಕೊನೆಗೆ ಬರೀ ಆನೆಗಳು, ನಾಲ್ಕೈದು ಕಾಲಾಳು ಉಳಿದಾಗ ಏನು ಮಾಡಬೇಕು — ಇಷ್ಟೇ ವಿಷಯ, ಇನ್ನೂರ ನಲವತ್ತು ಪುಟ. ಏಳು ಸಲ ಓದಿದ್ದೇನೆ. ಬರೆದವನು ಒಂದು ಮಾತೂ ಹೆಚ್ಚಿಗೆ ಆಡುವುದಿಲ್ಲ. ನನ್ನ ಹಾಗಲ್ಲ.

ಕೆಂಪು ರಟ್ಟಿನದು. ಮೊದಲು ಕೊಂಡದ್ದು. ಏಳನೇ ಕ್ಲಾಸಿಗೆ ಸ್ಕೂಲು ಬಿಟ್ಟು ಲೆನ್ಸ್ ಉಜ್ಜಲು ಕೂತವನಿಗೆ ತಡವರಿಸದೆ ಓದುವುದನ್ನು ಕಲಿಸಿದ್ದೇ ಅದು.

ಮುನ್ನೂರು ಒಗಟಿನದು. ಇನ್ನೂರ ತೊಂಬತ್ತೆಂಟು ಬಿಡಿಸಿದ್ದೇನೆ. ಉಳಿದೆರಡರ ಉತ್ತರದ ಮೇಲೆ ನಾನೇ ಚೀಟಿ ಅಂಟಿಸಿದ್ದೇನೆ. ನನ್ನ ಮೇಲೆ ನನಗೆ ನಂಬಿಕೆ ಅಷ್ಟಕ್ಕಷ್ಟೆ.

ಅದೇ ದಿನ, ಮಧ್ಯಾಹ್ನ ೩

ಆನೆ ಪುಸ್ತಕ ತೆರೆದೆ. ೯೬ನೇ ಪುಟದ ಕೊನೇ ಸಾಲು — "ಈಗ ಕಪ್ಪು ಆನೆಗೆ ಉಳಿದಿರುವುದು ಒಂದೇ ಮನೆ, ಅದು…"

ಪುಟ ತಿರುಗಿಸಿದೆ. ೯೭ — "ಗಡಿಯಾರದ ಹಿಂಬದಿ ಮುಚ್ಚಿ, ಅವಳು ಬಾಗಿಲ ಕಡೆ ನೋಡಿದಳು. ಅಂಚೆಯವನು ಇವತ್ತೂ ಬರಲಿಲ್ಲ."

ಯಾವಳು? ಯಾವ ಗಡಿಯಾರ?

೯೭ರಿಂದ ೧೧೨. ಹದಿನಾರು ಪುಟ ಬೇರೆ ಯಾವುದೋ ಪುಸ್ತಕದ್ದು. ಕಾಗದ ಅದೇ ಹಳದಿ, ಅಳತೆ ಅದೇ. ಸಿಟ್ಟು ಬಂತು. ಎಷ್ಟು ತಪ್ಪಾಗಿದೆ ನೋಡೋಣವೆಂದು ಓದಲು ಶುರು ಮಾಡಿದೆ… ಗಡಿಯಾರ ರಿಪೇರಿ ಮಾಡುವ ಹೆಂಗಸು. ಮುಖ ನೋಡದ ಒಬ್ಬನ ಜೊತೆ ಹನ್ನೊಂದು ವರ್ಷದಿಂದ ಅಂಚೆಯಲ್ಲಿ ಚದುರಂಗ. ಒಂದು ಕಾಗದಕ್ಕೆ ಒಂದು ನಡೆ. ಆರು ವಾರದಿಂದ ಕಾಗದವಿಲ್ಲ. ೧೧೨ರ ಕೊನೆಗೆ ಕಾಗದ ಬರುತ್ತದೆ. ಲಕೋಟೆಯ ಅಂಚು ಹರಿಯುತ್ತಾಳೆ, ಒಳಗೆ —

೧೧೩. ಆನೆ. ನನ್ನ ಆನೆ! ಏಳು ಸಲ ಓದಿದ ಆನೆ. ನೋಡಿದರೆ ಮೈ ಉರಿಯಿತು.

ಗಿರಾಕಿಯೊಬ್ಬರು ಎದುರಿಗೆ ನಿಂತು ಎಷ್ಟು ಹೊತ್ತಾಗಿತ್ತೋ. "ಸಾರ್, ನಿಮ್ಮ ಕಣ್ಣು ಯಾರು ಟೆಸ್ಟ್ ಮಾಡೋದು?" ಎಂದರು.

೫ ಮಾರ್ಚ್, ಮಂಗಳವಾರ

ಬೈಂಡಿಂಗ್ ಅಂಗಡಿಗೆ ಹೋದೆ. ಗೋಂದಣ್ಣ ಹೊಲಿಗೆ ಹಾಕುತ್ತಿದ್ದ. ನಿಜವಾದ ಹೆಸರು ಅವನಿಗೂ ಮರೆತಿರಬೇಕು.

"ಪುಟ ನೋಡಿ ಸಾರ್. ತೊಂಬತ್ತಾರು, ತೊಂಬತ್ತೇಳು, ತೊಂಬತ್ತೆಂಟು. ಎಲ್ಲಿ ತಪ್ಪಿದೆ?"

"ಅಂಕಿ ಸರಿ ಇದೆಯಪ್ಪಾ. ಆನೆ ಎಲ್ಲಿ?"

"ನಾನು ಬೈಂಡರು. ಓದಕ್ಕೆ ಕೂತ್ರೆ ಹೊಲಿಯೋರ್ಯಾರು?"

ಆಮೇಲೆ ತಲೆ ಕೆರೆದುಕೊಂಡ. ಅವತ್ತು ಎರಡು ಪುಸ್ತಕ ಒಟ್ಟಿಗೆ ಬಿಚ್ಚಿದ್ದನಂತೆ. ಎರಡಕ್ಕೂ ರಟ್ಟಿಲ್ಲ. ಪುಟದ ಮೇಲೆ ಹೆಸರಿಲ್ಲ. ಹದಿನಾರು ಪುಟಕ್ಕೆ ಒಂದು ಕಟ್ಟು; ನಂಬರ್ ನೋಡಿ ಜೋಡಿಸುತ್ತಾ ಹೋದ. ಏಳನೇ ಕಟ್ಟು ಅದಲುಬದಲು.

"ಇನ್ನೊಂದು ಪುಸ್ತಕ ಯಾರದ್ದು?"

"ನಿಮ್ಮ ಅಕ್ಕೋರದ್ದೇ! ಶನಿವಾರ ತಗೊಂಡು ಹೋದ್ರು. ನಿಮ್ಮ ಮನೆಯೋರೆಲ್ಲ ಒಂದೇ ವಾರ ಪುಸ್ತಕ ಹರ್ಕೊತೀರಾ?"

ನಗು ಬರಲಿಲ್ಲ.

೬ ಮಾರ್ಚ್, ಬುಧವಾರ

ಅಕ್ಕನ ವಿಷಯ ಬರೆದುಬಿಡುತ್ತೇನೆ. ಬರೆದರೆ ಹಗುರಾಗುತ್ತದೆಂದು ಅವಳೇ ಹೇಳುತ್ತಿದ್ದಳು.

ನನಗೆ ಆಟ ಕಲಿಸಿದವಳು ಅವಳು. ಲೈಬ್ರರಿಯಲ್ಲಿ ಮೂವತ್ತು ವರ್ಷ ಕೆಲಸ. ಅವಳ ಕಪಾಟಿನಲ್ಲಿರುವ ಏಳೂ ಚದುರಂಗದ ಕಥೆಗಳೇ — ರೈಲಿನಲ್ಲಿ ಆಡುತ್ತಾ ಇಳಿಯುವ ಊರು ಮರೆತವರದು, ಅಪ್ಪ ಅರ್ಧಕ್ಕೆ ಬಿಟ್ಟ ಆಟ ಮುಗಿಸುವ ಮಗಳದು, ಹೀಗೆ. ಕಲಿಸುವ ಪುಸ್ತಕ ಮುಟ್ಟಿದವಳಲ್ಲ. ಮನಸ್ಸಿಗೆ ಬಂದ ಹಾಗೆ ಆಡುತ್ತಿದ್ದಳು, ಗೆಲ್ಲುತ್ತಿದ್ದಳು. ನಾನು ಕೆಂಪು ರಟ್ಟಿನದು ಕೊಳ್ಳುವವರೆಗಿನ ಲೆಕ್ಕ: ಅಕ್ಕ ೨೧೨, ನಾನು ೯. ಕೊಂಡ ಮೇಲೆ ನಿಧಾನವಾಗಿ ತಕ್ಕಡಿ ವಾಲಿತು.

ಆರು ವರ್ಷದ ಹಿಂದೆ ಅವಳ ಮನೆಯಲ್ಲಿ, ಅವಳ ಲೈಬ್ರರಿಯ ನಾಲ್ಕು ಜನರ ಎದುರಿಗೆ, ಆನೆಯಾಟದಲ್ಲಿ ಸೋಲಿಸಿದೆ. ಸೋಲಿಸಿ ಸುಮ್ಮನಿರಬೇಕಿತ್ತು. "ಪುಟ ನೂರ ಒಂದು, ಮೂರನೇ ಚಿತ್ರ" ಎಂದೆ. ಅಕ್ಕ ಬೋರ್ಡು ಮಡಚಿದಳು. "ನೀನಾಡ್ತಿಲ್ಲ ಕಣೋ, ಪುಸ್ತಕ ಆಡ್ತಿದೆ. ಅದರ ಜೊತೇನೇ ಆಡ್ಕೋ."

ಮಾತು ಬಿಟ್ಟಿಲ್ಲ. ಬಿಪಿ, ಮೊಣಕಾಲು, ಮೊಮ್ಮಕ್ಕಳು — ಎಲ್ಲ ಮಾತಾಡುತ್ತೇವೆ. ಬೋರ್ಡು ಮಾತ್ರ ಹೊರಗೆ ಬಂದಿಲ್ಲ. ನಾನೂ ಕೇಳಿಲ್ಲ. ಈ ಊರಿನಲ್ಲಿ ನನ್ನ ಜೊತೆ ಆಡುವವರು ಬೇಕಾದಷ್ಟಿದ್ದಾರೆ. ಬೇಕಾದವಳು ಒಬ್ಬಳೇ.

ಸಂಜೆ ೫ — ಈಗ ಹೊಳೆಯಿತು. ನನ್ನ ಪುಸ್ತಕಗಳ ಅಂಚಿನಲ್ಲೆಲ್ಲ ಪೆನ್ಸಿಲಿನಲ್ಲಿ ಬರೆಯುವ ಚಾಳಿ ನನಗೆ. ೧೦೩ನೇ ಪುಟದಲ್ಲಿ ಬರೆದದ್ದು ನೆನಪಾಯಿತು: "ಅಕ್ಕ ಆನೆಯನ್ನು ಒಂದು ಕಡೆ ಕೂರಲು ಬಿಡುವುದಿಲ್ಲ. ಸುಮ್ಮನೆ ಕಾದರೆ ಸಾಕು, ತಾನೇ ಬೀಳುತ್ತಾಳೆ. ಸುಲಭದ ತುತ್ತು."

ಆ ಪುಟ ಈಗ ಅವಳ ಮನೆಯಲ್ಲಿದೆ.

೧೦ ಮಾರ್ಚ್, ಭಾನುವಾರ

ಮೂರು ದಿನ ಏನೂ ಬರೆದಿಲ್ಲ. ಅವಳ ಮನೆಗೆ ಹೋಗುವ ಧೈರ್ಯವೂ ಇರಲಿಲ್ಲ. ಅಷ್ಟರಲ್ಲಿ ಗಡಿಯಾರದವಳ ಹದಿನಾರು ಪುಟ ನಾಲ್ಕು ಸಲ ಓದಿದೆ. ತಪ್ಪು ಹುಡುಕಲು. ಬೇರೇನಲ್ಲ.

ಇವತ್ತು ಹೋದೆ. ಬಾಗಿಲಲ್ಲೇ ಅಕ್ಕ — "ಬಾರೋ. ಆನೆ ಹುಡುಕ್ಕೊಂಡು ಬಂದ್ಯಾ?"

"ಓದಿದ್ಯಾ?"

"ಹದಿನಾರೂ ಪುಟ. ಭೂತಗನ್ನಡಿ ಹಿಡ್ಕೊಂಡು. ಅಚ್ಚಾಗಿರೋದು ತಲೆಗೆ ಹತ್ತಲಿಲ್ಲ. ಪೆನ್ಸಿಲ್ಲಲ್ಲಿ ಬರ್ದಿರೋದು ಚೆನ್ನಾಗಿ ಹತ್ತಿತು."

ನೆಲ ನೋಡಿದೆ. ಹಿಂದಿನಿಂದ ಭಾವ, ಗಂಭೀರ ಮುಖದಲ್ಲಿ: "ದಾರಿ ಬಿಡಪ್ಪ. ಸುಲಭದ ತುತ್ತು ಟೀ ಮಾಡಕ್ಕೆ ಹೊರಟಿದೆ."

"ಅಕ್ಕ, ಅದು ಯಾವಾಗಲೋ ಬರ್ದಿದ್ದು…"

"ಯಾವಾಗ ಬರ್ದ್ರೂ ನನ್ನ ಆನೆ ಓಡಾಡೋದು ನಿಜಾನೇ ಬಿಡು." ನಕ್ಕಳೋ ಇಲ್ಲವೋ ಗೊತ್ತಾಗಲಿಲ್ಲ. ಬೆಳಕಿಗೆ ಬೆನ್ನು ಹಾಕಿ ನಿಂತಿದ್ದಳು.

ಪುಟ ಬದಲಿಸಿಕೊಳ್ಳೋಣ ಎಂದೆ. ಬೇಡವೆಂದಳು. ಗುರುವಾರ ಎಡಗಣ್ಣಿನ ಪೊರೆ ಆಪರೇಷನ್ನು. ಬಲಗಣ್ಣಿನದು ಎರಡು ತಿಂಗಳ ಮೇಲೆ. ಡಾಕ್ಟರು ಎರಡು ವಾರ ಓದಬೇಡಿ ಎಂದಿದ್ದಾರೆ.

"ನಿಮ್ಮ ಭಾವ ಓದಿದ್ರೆ ಓದೋರಿಗೂ ನಿದ್ದೆ, ಕೇಳೋರಿಗೂ ನಿದ್ದೆ. ನೀನು ಬಂದು ಓದು."

"ನಾನಾ? ಕಥೇನಾ?"

"ಸುಲಭದ ತುತ್ತು ಅಂತ ಬರ್ದಿದ್ದಕ್ಕೆ ಅದೇ ಶಿಕ್ಷೆ."

ಹೊರಡುವಾಗ ಮೆಲ್ಲಗೆ ಕೇಳಿದೆ — ಆ ಲಕೋಟೆಯಲ್ಲಿ ಏನಿತ್ತು?

ಅಕ್ಕ ಈ ಸಲ ಖಂಡಿತ ನಕ್ಕಳು. "ಗುರುವಾರ ಕಳೀಲಿ."

೧೫ ಮಾರ್ಚ್, ಶುಕ್ರವಾರ

ಆಪರೇಷನ್ ಚೆನ್ನಾಗಿ ಆಯಿತು. ಕಣ್ಣಿಗೆ ಪ್ಲಾಸ್ಟಿಕ್ ಮುಚ್ಚಳ. ಹನಿ ಹಾಕುವ ಹೊತ್ತನ್ನು ಭಾವ ಗೋಡೆಗೆ ಬರೆದು ಅಂಟಿಸಿದ್ದಾರೆ. ಬಲಗಣ್ಣಿಗೆ ಎಲ್ಲ ಹಾಲು ಚೆಲ್ಲಿದ ಹಾಗೆ ಕಾಣುತ್ತದಂತೆ.

ಸಂಜೆ ಮೊದಲ ಇಪ್ಪತ್ತು ಪುಟ ಓದಿದೆ. ಎರಡನೇ ಪುಟಕ್ಕೇ ತಡೆದಳು. "ಏನೋ ಇದು? ಚಾರ್ಟು ಓದೋ ಹಾಗೆ ಓದ್ತೀಯ! ಒಂದೊಂದು ಸಾಲಿಗೂ ಅಕ್ಷರ ಚಿಕ್ಕದಾಗ್ತಾ ಹೋಗಲ್ಲ ಇಲ್ಲಿ. ಉಸಿರು ತಗೋ."

ಉಸಿರು ತೆಗೆದುಕೊಂಡೆ. ಪರವಾಗಿಲ್ಲ, ಕಥೆಗೆ ಉಸಿರು ಬೇಕು. ಆನೆ ಪುಸ್ತಕ ಉಸಿರು ಬಿಗಿಹಿಡಿದು ಓದಬಹುದು.

೧೭ ಮಾರ್ಚ್, ಭಾನುವಾರ

ಅಂಗಡಿಗೆ ರಜೆ. ಬೆಳಿಗ್ಗೆ ಹತ್ತಕ್ಕೇ ಹೋದೆ. ೯೬ರವರೆಗೆ ಅಕ್ಕನ ಪುಸ್ತಕ. ಅದನ್ನು ಕೆಳಗಿಟ್ಟು, ಚೀಲದಿಂದ ನನ್ನ ಹಸಿರು ಪುಸ್ತಕ ತೆಗೆದು ೯೭ರಿಂದ ೧೧೨. ಮತ್ತೆ ಅವಳದು, ೧೧೩. ಆತುರಕ್ಕೆ ಒಂದು ಪುಟ ಹಾರಿಸಿ ಮತ್ತೆ ಹಿಂದಕ್ಕೆ ಬಂದೆನೆಂದು ಇಲ್ಲಿ ಬರೆಯಬಹುದು, ಯಾರೂ ಓದುವುದಿಲ್ಲ.

ಲಕೋಟೆಯಲ್ಲಿ ಗಡಿಯಾರದವಳು ಬರೆದು ಕಳಿಸಿದ್ದ ನಡೆಯೇ ವಾಪಸು ಬಂದಿದೆ. ಕೆಳಗೆ ಒಂದು ಸಾಲು: "ಇದು ಕೈತಪ್ಪಿ ಬರೆದದ್ದಿರಬೇಕು. ಆರು ವಾರ ಯೋಚಿಸಿದೆ. ಬೇಕಿದ್ದರೆ ಬದಲಿಸಿ."

"ಅದು ಹೇಗೆ?" ಎಂದೆ. "ರೂಲ್ಸ್ ಪ್ರಕಾರ ಆಡಿದ ನಡೆ ಆಡಿದ್ದೇ. ಅವನು ಗೆದ್ದಾಯ್ತು!"

"ಗೆದ್ದು?"

"ಗೆದ್ದು… ಗೆದ್ದ ಅಷ್ಟೇ."

"ಆಮೇಲೆ ಕಾಗದ ಯಾರಿಗೆ ಬರೀತಾನೆ?"

ಭಾವ ಹನಿ ಹಾಕಲು ಬಂದರು, ಬಚಾವಾದೆ.

೨೧ ಮಾರ್ಚ್, ಗುರುವಾರ

ಸಿಕ್ಕಿಬಿದ್ದ! ೧೩೧ನೇ ಪುಟದಲ್ಲಿ ಗಡಿಯಾರದವಳ ಬೋರ್ಡಿನ ಮೇಲೆ ಏನೇನಿದೆ ಎಂದು ಲೇಖಕ ಒಂದೊಂದಾಗಿ ಹೇಳುತ್ತಾನೆ. ಓದುತ್ತಾ ಬೆರಳು ಮಡಚಿದೆ. ಬಿಳಿ ಕಾಲಾಳು ಒಂಬತ್ತು!

"ಇರೋದೇ ಎಂಟಲ್ವಾ ಅಕ್ಕ?"

"ಐದು ಸಲ ಓದಿದೀನಿ, ಎಣಿಸಿಲ್ಲ. ಅವಳು ಜೀವ ಹಿಡ್ಕೊಂಡು ಕಾಯ್ತಿರೋ ಪುಟ ಕಣೋ ಅದು. ಅಲ್ಲಿ ಕೂತು ಯಾರು ಕಾಲಾಳು ಎಣಿಸ್ತಾರೆ?"

"ನಾನು."

"ಸುಳ್ಳು. ನೀನು ತಪ್ಪೆಣಿಸಿದೀಯ."

"ಬೋರ್ಡು ತಾ, ತೋರಿಸ್ತೀನಿ."

ಬಾಯಿಂದ ಬಂದೇಬಿಟ್ಟಿತು. ಆರು ವರ್ಷ ಕೇಳದೆ ಇಟ್ಟುಕೊಂಡ ಮಾತು, ಒಂಬತ್ತನೇ ಕಾಲಾಳಿನ ನೆಪದಲ್ಲಿ. ಭಾವ ಸ್ಟೂಲು ಹತ್ತಿ ಬೀರುವಿನ ಮೇಲಿಂದ ಬೋರ್ಡು ಇಳಿಸಿದರು, ಧೂಳು ಊದಿದರು. "ಆರು ವರ್ಷ ಈ ಮನೇಲಿ ಶಾಂತಿ ಇತ್ತು. ಒಪ್ಪಿಸ್ಕೋ."

ಕಾಯಿಗಳನ್ನು ಇಟ್ಟೆ. ಎಂಟು ಕಾಲಾಳು ಖರ್ಚಾದವು, ಒಂಬತ್ತನೆಯದಕ್ಕೆ ಪೆಟ್ಟಿಗೆಯಲ್ಲಿ ಕೈಯಾಡಿಸಿದೆ, ಇಲ್ಲ. ಅಕ್ಕ ಕೈಯಲ್ಲಿ ಮುಟ್ಟಿ ಮುಟ್ಟಿ ನೋಡಿದಳು. ಆಮೇಲೆ ನಗಲು ಶುರು ಮಾಡಿದವಳು ನಿಲ್ಲಿಸಲೇ ಇಲ್ಲ. ಕಣ್ಣಿಗೆ ಒತ್ತಡ ಬೀಳುತ್ತದೆ ಎಂದು ಭಾವ ಗದರಿದರು.

ಸುಧಾರಿಸಿಕೊಂಡು ಹೇಳಿದಳು: "ನೂರ ಎಂಟನೇ ಪುಟದಲ್ಲೂ ಒಂದು ಬರ್ದಿದೀಯ. ನೆನಪಿದ್ಯಾ?"

ಇರಲಿಲ್ಲ. ತೆರೆದು ನೋಡಿದೆ. ನನ್ನದೇ ಅಕ್ಷರ, ನಾಲ್ಕು ವರ್ಷದ ಹಿಂದಿನ ತಾರೀಕು: "ಇದನ್ನು ನಾಲ್ವರ ಜೊತೆ ಆಡಿ ನೋಡಿದೆ. ನಾಲ್ವರೂ ಪುಸ್ತಕದಲ್ಲಿ ಇದ್ದ ಹಾಗೇ ಆಡಿದರು. ಅಕ್ಕ ಆಗಿದ್ದರೆ ಬೇರೆ ಏನಾದರೂ ಮಾಡುತ್ತಿದ್ದಳು."

ಅಕ್ಕ ಬೋರ್ಡಿನ ಮೇಲೆ ಕೈಯಾಡಿಸಿ ಗಡಿಯಾರದವಳ ಕಾಯಿಗಳನ್ನೆಲ್ಲ ಒಂದು ಕಡೆ ತಳ್ಳಿದಳು.

"ಭಾನುವಾರ ಬೇಗ ಬಾ. ಪುಸ್ತಕ ಮುಗಿಸಿ ಹೊಸದಾಗಿ ಜೋಡಿಸು. ಹತ್ತಿರದ್ದು ಇನ್ನೂ ಮಸುಕು, ಒಂಟೆ ಯಾವುದು ಕಾಲಾಳು ಯಾವುದು ಕಾಣಲ್ಲ ನಂಗೆ. ಬಾಯಲ್ಲಿ ಹೇಳ್ತೀನಿ, ನೀನು ನಡೆಸು."

೨೩ ಮಾರ್ಚ್, ಶನಿವಾರ

ಗೋಂದಣ್ಣ ಅಂಗಡಿಗೇ ಬಂದ. ಎರಡೂ ಪುಸ್ತಕ ಕೊಡಿ, ಬಿಚ್ಚಿ ಸರಿಮಾಡುತ್ತೇನೆ ಎಂದ. ಅಕ್ಕನಿಗೆ ಫೋನ್ ಮಾಡಿದೆ. "ಹಾಗೇ ಇರ್ಲಿ" ಎಂದಳು. "ಕಥೆ ಪೂರ್ತಿ ಓದ್ಬೇಕು ಅಂದ್ರೆ ನೀನು ಬರ್ಬೇಕು. ಆನೆ ಬೇಕು ಅಂದ್ರೂ ನೀನೇ ಬರ್ಬೇಕು."

ಗೋಂದಣ್ಣ ಕೈಮುಗಿದು ಹೋದ. ಇಂಥ ಗಿರಾಕಿಗಳನ್ನು ಅವನು ನೋಡಿರಲಿಕ್ಕಿಲ್ಲ.

ಪಟ್ಟಿ ತಿದ್ದಿದೆ. ಮೊದಲ ಸ್ಥಾನ: ಆನೆ ಪುಸ್ತಕ, ಹದಿನಾರು ಪುಟ ಕಥೆ ಸಮೇತ.

೨೪ ಮಾರ್ಚ್, ಭಾನುವಾರ, ಮಧ್ಯಾಹ್ನ ೪

ಅಕ್ಕನ ಮನೆಯಲ್ಲೇ ಕೂತು ಬರೆಯುತ್ತಿದ್ದೇನೆ. ಗಡಿಯಾರದವಳ ಕಥೆ ಬೆಳಿಗ್ಗೆ ಮುಗಿಯಿತು. ಕೊನೆ ಇಲ್ಲಿ ಬರೆಯುವುದಿಲ್ಲ. ಕಣ್ಣು ಒದ್ದೆಯಾದದ್ದಕ್ಕೆ ಅಕ್ಕನಿಗೆ ಹನಿ ಹಾಕಿದ ನೆಪವಿತ್ತು. ನನಗೆ ಯಾವ ನೆಪವೂ ಇರಲಿಲ್ಲ.

ಹನ್ನೆರಡಕ್ಕೆ ಆಟ ಶುರು. ಅಕ್ಕ ಕುರ್ಚಿಗೆ ಒರಗಿ, ಕಣ್ಣು ಮುಚ್ಚಿ ಹೇಳುತ್ತಾಳೆ, "ಮಂತ್ರಿ ಮುಂದಿನ ಕಾಲಾಳು ಎರಡು ಮನೆ." ಅವಳ ಕಾಯಿ ನಾನೇ ನಡೆಸುತ್ತೇನೆ, ನನ್ನದೂ ನಾನೇ. ಒಂದು ಸಲವೂ ತಪ್ಪು ಹೇಳಲಿಲ್ಲ. ಇಡೀ ಬೋರ್ಡು ತಲೆಯಲ್ಲಿದೆ ಅವಳಿಗೆ.

ಮೂರೂವರೆಗೆ ಇಬ್ಬರಿಗೂ ಒಂದೊಂದು ಆನೆ. ನನಗೆ ಮೂರು ಕಾಲಾಳು, ಅವಳಿಗೆ ಎರಡು. ಗುರುತು ಹಿಡಿದೆ. ಪುಟ ೧೦೧, ಮೂರನೇ ಚಿತ್ರ. ನಾಲಗೆ ಕಚ್ಚಿಕೊಂಡೆ.

ಅಕ್ಕ ಆನೆಯನ್ನು ನನ್ನ ರಾಜನ ಪಕ್ಕದ ಸಾಲಿಗೆ ಕಳಿಸಿದಳು. ಅಲ್ಲಿಗೆ ಹೋದರೆ ಅವಳ ಒಂದು ಕಾಲಾಳು ಹೋಯಿತು. ಆನೆಯನ್ನು ಇನ್ನೂ ಕೈಯಲ್ಲೇ ಹಿಡಿದುಕೊಂಡು ಹೇಳಿದೆ: "ಅಕ್ಕ, ಬಾಯಿತಪ್ಪಿ ಬಂತೇನೋ. ಬೇಕಿದ್ರೆ ಬದಲಿಸು."

ಆರು ವರ್ಷದ ಹಿಂದೆ ಹೇಳಬೇಕಿದ್ದ ಮಾತು.

ಅಕ್ಕ ಕಣ್ಣು ತೆರೆಯಲಿಲ್ಲ. ತುಟಿ ಮಾತ್ರ ಸ್ವಲ್ಪ ಅಲುಗಿತು. "ಬೇಡ. ಅದೇ ಮನೆ. ನೋಡ್ಕೊಂಡು ಆಡು."

ಇಟ್ಟೆ. ನೋಡಿದೆ. ಕಾಲಾಳು ಹೊಡೆದರೆ… ಇಲ್ಲ, ಹೊಡೆದರೆ ನನ್ನ ರಾಜನಿಗೆ ಹೊರಬರಲು ದಾರಿಯೇ ಇಲ್ಲ. ಹೊಡೆಯದಿದ್ದರೆ ಅವಳ ಕಾಲಾಳು ಓಡುತ್ತದೆ. ಏಳು ಸಲ ಓದಿದ್ದೇನೆ. ಇದು ಯಾವ ಪುಟದಲ್ಲೂ ಇಲ್ಲ.

ಅರ್ಧ ಗಂಟೆಯಾಯಿತು. ಟೀ ಆರಿತು. ಭಾವ ಎರಡು ಸಲ ಬಂದು ಬೋರ್ಡು ನೋಡಿ, ನನ್ನ ಮುಖ ನೋಡಿ, ಖುಷಿಯಾಗಿ ಹೋದರು.

"ಏನೋ ಬರೀತಾ ಕೂತೆ? ಸೋತ್ಯಾ?"

"ಇಲ್ಲಕ್ಕ, ಇರು. ಇನ್ನೂ ಒಂದು ದಾರಿ ಇದೆ."

ಇದ್ದೇ ಇರಬೇಕು. ಮೊದಲು ರಾಜನನ್ನು ಒಂದು ಮನೆ ಹಿಂದಕ್ಕೆ, ಆಮೇಲೆ ಆನೆ… ಅಲ್ಲ. ಮೊದಲು ಆನೆಯನ್ನು —