ನಾಲ್ಕರಲ್ಲಿ ಎರಡು

ಜೀವನ್ ಬಿಮಾ ನಗರ
20 ಸೆಪ್ಟೆಂಬರ್ 2006

ಮುಖ ಊದಿಸ್ಕೊಂಡು ಹೊರಮಾವಿನಲ್ಲಿ ಕೂತಿರೋ ನನ್ನಮ್ಮನಿಗೆ, ನಿನ್ನ ಮುನಿಲಕ್ಷ್ಮಿ ಮಾಡೋ ನಮಸ್ಕಾರ.

ಮೊದಲು ಕನ್ನಡಕ ಹಾಕ್ಕೋ. ಪಕ್ಕದ ಮನೆಯವರ ಕೈಲಿ ಓದಿಸಬೇಡ, ಇದು ಮನೆ ವಿಷಯ. ಬೇರೆ ಹೆಣ್ಣುಮಕ್ಕಳಾಗಿದ್ರೆ ಫೋನಲ್ಲಿ ಅತ್ತು ಕರೆದು ಮುಗಿಸ್ತಿದ್ರು. ನನಗೆ ಹುಟ್ಟಿದಾಗಿನಿಂದ ಕಿವಿ ಕೇಳಲ್ಲ, ನೀನು ನನ್ನ ಮೆಸೇಜ್ ತೆಗೆದು ನೋಡಲ್ಲ. ಅದಕ್ಕೇ ಈ ಕಾಗದ.

ಒಳ್ಳೆ ಸುದ್ದಿ ಮೊದಲೇ ಹೇಳಿಬಿಡ್ತೀನಿ. ಮದುವೆಯಾಗಿ ಎಂಟು ವರ್ಷ ಆದಮೇಲೆ ನಾನು ಬಸುರಿ ಅಮ್ಮ. ನಿನ್ನ ತಮ್ಮ ಅಂದ್ರೆ ನನ್ನ ಗಂಡ (ಮಾವ ಅನ್ನೋದು ಇನ್ನೂ ನನ್ನ ಬಾಯಿಂದ ಹೋಗಿಲ್ಲ) ಆಗಲೇ ಕಾರ್ಖಾನೆಯಲ್ಲೆಲ್ಲ ಮೈಸೂರುಪಾಕು ಹಂಚಿ ಬಂದಿದ್ದಾರೆ. ಮೂರು ತಿಂಗಳು ತುಂಬೋವರೆಗೂ ಬಾಯಿ ಬಿಡಬೇಡಿ ಅಂತ ಬಡ್ಕೊಂಡೆ, ಕೇಳಲಿಲ್ಲ. ನಮ್ಮಿಬ್ಬರಲ್ಲಿ ಕಿವುಡರು ಯಾರೋ ಗೊತ್ತಾಗ್ತಿಲ್ಲ.

ಈಗ ಜಗಳದ ವಿಷಯ. ನಾನು ಆಸ್ಪತ್ರೆಯಲ್ಲಿ ಎಲ್ಲರ ಮುಂದೆ ಕಿರುಚಿ ನಿನ್ನ ಮರ್ಯಾದೆ ಕಳೆದೆ ಅಂತ ನೀನು ಮಾವನ ಹತ್ರ ಹೇಳಿಕೊಂಡೆಯಂತೆ. ಕಿರುಚಿದ್ದು ನಿಜ. ಎಷ್ಟು ಜೋರಾಗಿ ಅಂತ ನನಗೆ ಗೊತ್ತಾಗಲಿಲ್ಲ. ಆದ್ರೆ ಯಾಕೆ ಕಿರುಚಿದೆ ಅಂತ ನೀನು ಕೇಳಲೇ ಇಲ್ಲ.

ಇಂದಿರಾನಗರದ ಆ ಆಸ್ಪತ್ರೆಗೆ ಹೋದಾಗಲೆಲ್ಲ ಡಾಕ್ಟರ್ ಪ್ರತಿಭಾ ಮಾತಾಡ್ತಿದ್ದದ್ದು ನಿಮ್ಮಿಬ್ಬರ ಜೊತೆ. ಸೂಜಿ ಚುಚ್ಚಿಸ್ಕೊಳ್ಳೋಕೆ ಮಾತ್ರ ನಾನು. ನನ್ನೊಳಗಿಂದ ಮೊಟ್ಟೆ ತೆಗೆದು, ಗಾಜಿನ ತಟ್ಟೆಯಲ್ಲಿ ಭ್ರೂಣ ಮಾಡಿ, ಮತ್ತೆ ಒಳಗಿಡ್ತಾರೆ ಅನ್ನೋದಷ್ಟೇ ನನಗೆ ಗೊತ್ತಿತ್ತು. ನಮ್ಮ ರಕ್ತ ಯಾಕೆ ತಗೊಂಡ್ರು ಅಂತ ಕೇಳಿದ್ರೆ, ಸುಮ್ನೆ, ಎಲ್ಲ ಸರಿ ಇದೆಯಾ ಅಂತ ನೋಡೋಕೆ ಅಂದೆ ನೀನು. ಮಿಕ್ಕಿದ್ದನ್ನ ತಮ್ಮ ಹೇಳಿರ್ತಾನೆ ಅಂತ ನೀನು, ಅಕ್ಕ ಹೇಳಿರ್ತಾಳೆ ಅಂತ ಅವರು. ಹೊಟ್ಟೆ ನಂದು, ಸುದ್ದಿ ನಿಮ್ಮಿಬ್ಬರ ಮಧ್ಯೆ ಓಡಾಡ್ತಿತ್ತು.

ಅವತ್ತು ನಾನು ಗಾಜಿನ ಬಾಗಿಲಿನ ಈಚೆ ಕೂತಿದ್ದೆ. ಡಾಕ್ಟರ ತುಟಿ ಚೆನ್ನಾಗಿ ಕಾಣ್ತಿತ್ತು, ಮಾತೆಲ್ಲ ಅದರಲ್ಲೇ ಓದ್ಕೊಂಡೆ. ಒಂದೇ ಮನೆ ರಕ್ತ, ಆದ್ದರಿಂದ ಕಿವುಡಿನ ಒಂದು ಪಾಲು ಮಾವನಲ್ಲೂ ಇದೆ ಅಂದ್ರು. ಪರೀಕ್ಷೆ ಮಾಡಿದ ನಾಲ್ಕು ಭ್ರೂಣದಲ್ಲಿ ಎರಡಕ್ಕೆ ಕಿವಿ ಕೇಳತ್ತೆ, ಇನ್ನೆರಡು ನಿಮ್ಮ ಮಗಳ ಹಾಗೇ, ಅವನ್ನ ಬಿಟ್ಟುಬಿಡೋಣ ಅಂದ್ರು. ನೀನು ಎರಡೂ ಕೈ ಎತ್ತಿ ಅವರಿಗೆ ಮುಗಿದೆ. ನನ್ನ ಹಾಗಿರೋದನ್ನ ಬಿಟ್ಟುಬಿಡ್ತೀವಿ ಅಂದೋರಿಗೆ ಕೈ ಮುಗಿದೆಯಲ್ಲಮ್ಮ! ಆಗಲೇ ನಾನು ಬಾಗಿಲು ತಳ್ಳಿ ಒಳಗೆ ಬಂದು ಕಿರುಚಿದ್ದು.

ಹೆತ್ತೋರಿಗೆ ಹೆಗ್ಗಣ ಮುದ್ದು ಅಂತಾರೆ. ನಾನು ನಿನಗೆ ಮುದ್ದೇ, ಗೊತ್ತು. ಆದ್ರೆ ಇನ್ನೊಂದು ಹೆಗ್ಗಣ ಬೇಡ ಅಂದಹಾಗಾಯ್ತು.

ನಿನ್ನ ಕಷ್ಟ ನನಗೆ ಗೊತ್ತಿಲ್ಲ ಅಂದ್ಕೋಬೇಡ. ನಾವು ಮುನೇಶ್ವರನ ಒಕ್ಕಲು, ಆದ್ರೂ ಸೆಪ್ಟೆಂಬರ್ ಬಂದ್ರೆ ಶಿವಾಜಿನಗರದ ಆರೋಗ್ಯ ಮಾತೆ ಚರ್ಚಿಗೆ ಹೋಗಿ ನೀನು ನನ್ನ ಹೆಸರಲ್ಲಿ ಹರಕೆಯ ಬೆಳ್ಳಿ ಕಿವಿ ಒಪ್ಪಿಸ್ತಿದ್ದೆ. ಈ ವರ್ಷವೂ ಒಪ್ಪಿಸಿ ಬಂದೆಯಂತೆ, ಇನ್ನೂ ಹುಟ್ಟದ ಮಗುವಿಗೆ. ಬಾಣಸವಾಡಿ ರೈಲ್ವೆ ಗೇಟಲ್ಲಿ ರೈಲು ಬರೋದು ಕೇಳದೆ ನಾನು ಕುಣೀತಾ ಹಳಿ ಮೇಲೆ ಹೋದಾಗ ಜಡೆ ಹಿಡಿದು ಈಚೆ ಎಳೆದೋಳು ನೀನು. ಆಮೇಲೆ ಅಲ್ಲೇ ಕೂತು ಎದೆ ಬಡ್ಕೊಂಡು ಅತ್ತೆ. ಆ ಭಯ ಇನ್ನೊಂದು ಸಲ ಬೇಡ ಅಂತ ನೀನಂದ್ರೆ ನಾನು ಹೇಗೆ ತಪ್ಪು ಅನ್ನಲಿ?

ಆದ್ರೂ ಹೇಳ್ತೀನಿ. ಹಲಸೂರಿನ ನಮ್ಮ ಕಿವುಡು ಮಕ್ಕಳ ಶಾಲೆಗೆ ಒಂದು ದಿನ ಬಂದು ನೋಡು. ಹೊಲಿಗೆ ಕಲಿಸೋಕೆ ಅಂತ ನಾನು ನಿಂತಿರ್ತೀನಿ, ಹುಡುಗಿಯರು ಬೆನ್ನ ಹಿಂದೆ ಕೈಮಾತಲ್ಲಿ ನನ್ನನ್ನೇ ಅಣಕಿಸಿ ಬಿದ್ದು ಬಿದ್ದು ನಗ್ತಾರೆ. ಒಂದಕ್ಕಿಂತ ಒಂದು ತರಲೆ. ಇವರಲ್ಲಿ ಯಾರನ್ನ ಬಿಟ್ಟುಬಿಡೋಣ ಹೇಳು? ಇವತ್ತು ಕಿವಿ ಅಂತಾರೆ, ನಾಳೆ ಬಣ್ಣ, ನಾಡಿದ್ದು ಎತ್ತರ. ನೀನು ರಸೆಲ್ ಮಾರ್ಕೆಟ್ಟಲ್ಲಿ ಬದನೆಕಾಯಿ ತಿರುಗಿಸಿ ತಿರುಗಿಸಿ ಆರಿಸ್ತೀಯಲ್ಲ, ಹಾಗೆ ಮಕ್ಕಳನ್ನ ಆರಿಸಿದ್ರೆ ನಮ್ಮ ವಂಶದಲ್ಲಿ ಒಬ್ಬರೂ ಚೀಲಕ್ಕೆ ಬೀಳ್ತಿರಲಿಲ್ಲ. ಕುಳ್ಳಿ ನೀನೂ ಬೀಳ್ತಿರಲಿಲ್ಲ.

ನೀನು ಸಿಟ್ಟಲ್ಲಿ ಬಸ್ಸು ಹತ್ತಿ ಹೋದೆಯಲ್ಲ, ಮಾರನೇ ದಿನ ಮಾವನ್ನ ಕರ್ಕೊಂಡು ಹೋಗಿ ಡಾಕ್ಟರ್ ಎದುರಿಗೆ ನಾನೇ ಕೂತೆ. ನಾನು ಕೈಯಲ್ಲಿ ಹೇಳೋದು, ಮಾವ ಅದನ್ನ ಬಾಯಲ್ಲಿ ಹೇಳೋದು. ಎರಡು ಭ್ರೂಣ ಇಡೋದು ಅವರ ಪದ್ಧತಿಯಂತೆ. ಕಿವಿ ಕೇಳೋದರಲ್ಲೊಂದು, ಕೇಳದಿರೋದರಲ್ಲೊಂದು ಇಡೋದು ಅಂತ ತೀರ್ಮಾನ ಆಯ್ತು. ಡಾಕ್ಟರ್ ಬೇಡ ಬೇಡ ಅಂತ ತುಂಬಾ ಹೊತ್ತು ವಾದ ಮಾಡಿ, ಕೊನೆಗೆ ನಿಮ್ಮಿಷ್ಟ ಅಂದ್ರು. ಮೊನ್ನೆ ಸ್ಕ್ಯಾನಲ್ಲಿ ಕಂಡಿದ್ದು ಒಂದೇ ಮಗು. ಯಾವುದು ನಿಂತಿದೆ ಅಂತ ಅವರಿಗೂ ಗೊತ್ತಿಲ್ಲ. ಮುಂದೆ ಗರ್ಭದ ನೀರು ತೆಗೆದು ನೋಡಬಹುದಂತೆ. ಬೇಡ ಅಂದಿದ್ದೀನಿ.

ಬಾ ಅಮ್ಮ. ಬೆಳಗ್ಗೆ ಎದ್ರೆ ವಾಂತಿ, ಮಾವ ಮಾಡೋ ಉಪ್ಪಿಟ್ಟು ನೋಡಿದ್ರೆ ಇನ್ನೊಂದು ಸಲ ವಾಂತಿ. ನಿನ್ನ ಕೈಯ ಮುದ್ದೆ ಬಸ್ಸಾರು ತಿನ್ನಬೇಕು ಅಂತ ಆಸೆ. ಸಿಟ್ಟು ಇಳಿದಿಲ್ಲ ಅಂದ್ರೆ ಸಿಟ್ಟಲ್ಲೇ ಬಾ.

ನಿನ್ನ ಮೊಂಡು ಮಗಳು,
ಮುನಿಲಕ್ಷ್ಮಿ

ತಾ.ಕ.: ಕವರ್ ಅಂಟಿಸೋಕೆ ಮನಸ್ಸಾಗಲಿಲ್ಲ, ಅದಕ್ಕೇ ಇಷ್ಟು. ತೀರ್ಮಾನ ಆಯ್ತು ಅಂತ ಬರೆದೆನಲ್ಲ, ಅದು ಮಾವನ ತೀರ್ಮಾನ. ನಾನು ಡಾಕ್ಟರಿಗೆ ಹೇಳಿ ಅಂದಿದ್ದು ಬೇರೆ. ಕಿವಿ ಕೇಳದಿರೋ ಎರಡನ್ನೇ ಇಡಿ, ಕೇಳೋವು ಬೇಡ ಅಂದೆ. ಮಾವ ಅದನ್ನ ಬಾಯಿಬಿಟ್ಟು ಹೇಳಲೇ ಇಲ್ಲ. ನನ್ನ ಕಡೆ ತಿರುಗಿ, ನೀನೂ ನಿಮ್ಮಮ್ಮ ಮಾಡಿದ್ದನ್ನೇ ಮಾಡ್ತಿದೀಯಲ್ಲೇ ಅಂತ ಕೈಯಲ್ಲಿ ಹೇಳಿ, ಡಾಕ್ಟರಿಗೆ ಒಂದೊಂದು ಇಡಿ ಅಂದ್ರು. ನನಗೆ ಅಳು ಬಂದುಬಿಡ್ತು. ಭಯ ಕಣಮ್ಮ. ಕೇಳೋ ಮಗು ಹುಟ್ಟಿದ್ರೆ ನೀನೂ ಅದೂ ಅಡುಗೆಮನೇಲಿ ಏನೋ ಮಾತಾಡ್ಕೊಂಡು ನಗ್ತೀರ. ಏನು ಅಂತ ನಾನು ಕೇಳಿದ್ರೆ, ಏನಿಲ್ಲ, ಆಮೇಲೆ ಹೇಳ್ತೀನಿ ಅಂತೀರ. ನೀನು ಅಂದ್ರೆ ತಡ್ಕೋತೀನಿ. ನನ್ನ ಮಗುವೂ ಹಾಗಂದ್ರೆ ನಾನೇನು ಮಾಡಲಿ?